ಸಮುದಾಯ ಆರೋಗ್ಯ ದಾದಿಯರು ಮತ್ತು ನಮ್ಮ ಕರ್ತವ್ಯ

(ಶತಮಾನೋತ್ಸವದ ಅಂಗವಾಗಿ ಏರ್ಪಡಿಸಲಾಗಿದ್ದ ಆರೋಗ್ಯ ದಿನದ ಸಭೆಯಲ್ಲಿ ಧರ್ಮಕೇಂದ್ರದ ಗುರುಗಳು ಮಾಡಿದ ಭಾಷಣ)



ನಮ್ಮ ದೇವಾಲಯವು ನೂರು ವರ್ಷಗಳನ್ನು ಪೂರೈಸಿದ ಈ ಶುಭ ಸಂದರ್ಭದಲ್ಲಿ, ದೇವಾಲಯವನ್ನು ಕಟ್ಟಿದವರನ್ನೂ ಶಾಲೆಯನ್ನು ತೆರೆದವರನ್ನೂ ಕೃತಜ್ಞತೆಯಿಂದ ಸ್ಮರಿಸಿದ್ದೇವೆ. ಇಂದು ನಾವು ಸ್ಮರಿಸಬೇಕಾದುದು ಸದ್ದಿಲ್ಲದೆ ನಮ್ಮ ಮನೆಗಳ ಬಾಗಿಲಿಗೆ ಬಂದು ಹೋಗುವ ಸೇವಕಿಯೊಬ್ಬಳನ್ನು. ಇಲಾಖೆಯ ಕಾಗದಪತ್ರಗಳಲ್ಲಿ ಆಕೆಗೆ ಕಾಲಕಾಲಕ್ಕೆ ಬೇರೆ ಬೇರೆ ಹೆಸರುಗಳು ಬಂದಿವೆ. ಜನರ ಬಾಯಲ್ಲಿ ಮಾತ್ರ ಆಕೆ ಎಂದಿಗೂ 'ನರ್ಸಮ್ಮ'ನೇ.

ಆಸ್ಪತ್ರೆಯ ದಾದಿಗೂ ಸಮುದಾಯ ಆರೋಗ್ಯ ದಾದಿಗೂ ಇರುವ ವ್ಯತ್ಯಾಸವೇನು? ಆಸ್ಪತ್ರೆಯ ದಾದಿಯ ಬಳಿಗೆ ರೋಗಿಯು ತಾನಾಗಿಯೇ ಬರುತ್ತಾನೆ. ಸಮುದಾಯ ದಾದಿಯು ಕರೆಯದ ಮನೆಗೂ ಹೋಗಬೇಕಾಗುತ್ತದೆ. ಒಬ್ಬಳು ಬಂದಿರುವ ರೋಗವನ್ನು ಆರೈಕೆ ಮಾಡುತ್ತಾಳೆ. ಇನ್ನೊಬ್ಬಳು ಬರಬಹುದಾದ ರೋಗವನ್ನು ತಡೆಯಲು ಪ್ರಯತ್ನಿಸುತ್ತಾಳೆ. ತಡೆದ ರೋಗವು ಯಾರ ಕಣ್ಣಿಗೂ ಕಾಣದು; ಆದುದರಿಂದ ಆಕೆಯ ಸೇವೆಗೆ ಹೊಗಳಿಕೆಯೂ ಕಡಿಮೆ. ಆಕೆಯ ಕೆಲಸದ ತಿರುಳನ್ನು ಒಂದೇ ಮಾತಿನಲ್ಲಿ ಹೇಳಬಹುದಾದರೆ, ಅದು ಮತ್ತೆ ಮತ್ತೆ ಬರುವುದು. ಹಾಗೆ ಬರುವವಳಿಗೆ ಬಾಗಿಲು ತೆರೆಯುವ ಹೊಣೆ ನಮ್ಮದು.

ಈ ಸೇವೆಯ ಬೇರುಗಳು ಧರ್ಮಕೇಂದ್ರದ ಜೀವನದಲ್ಲಿಯೇ ಇವೆ ಎಂಬುದು ನಿಮ್ಮಲ್ಲಿ ಅನೇಕರಿಗೆ ತಿಳಿದಿರಲಾರದು. 1617ರಲ್ಲಿ ಫ್ರಾನ್ಸ್ ದೇಶದ ಶಾತಿಯೋಂ ಎಂಬ ಊರಿನಲ್ಲಿ ಸಂತ ವಿನ್ಸೆಂಟ್ ದೆ ಪೌಲರು ಗುರುಗಳಾಗಿದ್ದರು. ಒಂದು ಭಾನುವಾರ ಬಲಿಪೂಜೆಗೆ ಸಿದ್ಧರಾಗುತ್ತಿದ್ದಾಗ, ಊರಾಚೆಯ ಮನೆಯೊಂದರಲ್ಲಿ ಎಲ್ಲರೂ ಕಾಯಿಲೆ ಬಿದ್ದಿದ್ದಾರೆ, ನೋಡುವವರೇ ಇಲ್ಲ ಎಂಬ ಸುದ್ದಿ ಬಂದಿತು. ಅವರು ಪ್ರಸಂಗದಲ್ಲಿ ಆ ವಿಷಯವನ್ನು ತಿಳಿಸಿದರು. ಮಧ್ಯಾಹ್ನ ಅವರು ಆ ಮನೆಯ ಕಡೆಗೆ ಹೊರಟಾಗ, ದಾರಿಯುದ್ದಕ್ಕೂ ಆಹಾರ ಕೊಟ್ಟು ಬರುವ, ಕೊಡಲು ಹೋಗುವ ಜನರೇ ತುಂಬಿದ್ದರು. ಇಷ್ಟೊಂದು ಆಹಾರ ಒಂದೇ ದಿನ ಬಂದರೆ ಉಳಿದದ್ದು ಕೆಟ್ಟುಹೋಗುತ್ತದೆ, ನಾಳೆ ಆ ಮನೆ ಮತ್ತೆ ಉಪವಾಸ ಎಂದು ಸಂತರು ಮನಗಂಡರು. ಜನರಲ್ಲಿ ಪ್ರೀತಿಗೆ ಕೊರತೆಯಿರಲಿಲ್ಲ, ಕೊರತೆಯಿದ್ದುದು ಕ್ರಮಕ್ಕೆ. ಕೆಲವೇ ದಿನಗಳಲ್ಲಿ ಅವರು ಊರಿನ ಸ್ತ್ರೀಯರ ಸಂಘವನ್ನು ಕಟ್ಟಿ, ದಿನಕ್ಕೊಬ್ಬರಂತೆ ಸರದಿಯ ಮೇಲೆ ರೋಗಿಗಳನ್ನು ನೋಡಿಕೊಳ್ಳುವ ನಿಯಮವನ್ನು ಮಾಡಿದರು. ಆ ನಿಯಮದಲ್ಲಿ ಒಂದು ಸೂಕ್ಷ್ಮವಾದ ಸೂಚನೆಯಿದೆ. ಸೇವೆಗೆ ಹೊರಟವಳು ಮನೆಯಲ್ಲಿ ಬೇರೆಯವರಿರುವ ರೋಗಿಯನ್ನು ಮೊದಲು ನೋಡಬೇಕು, ಒಂಟಿಯಾಗಿರುವ ರೋಗಿಯನ್ನು ಕೊನೆಗೆ ನೋಡಬೇಕು. ಏಕೆಂದರೆ ಒಂಟಿಯಾಗಿರುವವರ ಬಳಿ ಹೆಚ್ಚು ಹೊತ್ತು ಕುಳಿತಿರಲು ಆಗ ಸಾಧ್ಯವಾಗುತ್ತದೆ.

1633ರಲ್ಲಿ ಅವರು ಸಂತ ಲೂಯಿಸ್ ದೆ ಮಾರಿಯಾಕ್‌ರೊಡನೆ ಪ್ಯಾರಿಸ್ಸಿನಲ್ಲಿ 'ಡಾಟರ್ಸ್ ಆಫ್ ಚಾರಿಟಿ' ಸಂಸ್ಥೆಯನ್ನು ಸ್ಥಾಪಿಸಿದರು. ಕನ್ಯಾಸ್ತ್ರೀಯರು ಮಠದ ಗೋಡೆಯೊಳಗೇ ಇರಬೇಕೆಂಬ ಆ ಕಾಲದಲ್ಲಿ, ಈ ಸೋದರಿಯರು ಬೀದಿಗಳಲ್ಲಿ ನಡೆದು ಬಡವರ ಮನೆಗಳಿಗೆ ಹೋದರು. 1859ರಲ್ಲಿ ಇಂಗ್ಲೆಂಡಿನ ಲಿವರ್‌ಪೂಲಿನ ವರ್ತಕ ವಿಲಿಯಂ ರ‍್ಯಾಥ್‌ಬೋನ್, ತನ್ನ ಪತ್ನಿಯನ್ನು ಕೊನೆಗಾಲದಲ್ಲಿ ಆರೈಕೆ ಮಾಡಿದ ದಾದಿ ಮೇರಿ ರಾಬಿನ್‌ಸನ್ನಳನ್ನು ಬಡವರ ಮನೆಗಳಿಗೆ ಹೋಗಲು ನೇಮಿಸಿದನು. ಅಲ್ಲಿನ ದುಃಖವನ್ನು ಕಂಡು ಆಕೆ ಮೊದಲು ಹಿಂಜರಿದಳು. ಅನಂತರ ಧೈರ್ಯ ತಂದುಕೊಂಡು ಮುಂದುವರಿದಳು. ಇಂದಿನ ಮನೆಭೇಟಿಯ ದಾದಿಯರ ವ್ಯವಸ್ಥೆಯು ಅಲ್ಲಿಂದ ಬೆಳೆಯಿತು.

ನಮ್ಮ ಧರ್ಮಸಭೆಯ ನಿಯಮಗಳೂ ಈ ವಿಷಯದಲ್ಲಿ ಒಂದೇ ಕಡೆ ನಿಂತಿಲ್ಲ. ಕನ್ಯಾಸ್ತ್ರೀಯರು ಹೆರಿಗೆ ಮಾಡಿಸುವುದಕ್ಕೆ ಬಹುಕಾಲ ನಿರ್ಬಂಧವಿತ್ತು. ಇಂದು ಪಾಕಿಸ್ತಾನದಲ್ಲಿರುವ ರಾವಲ್ಪಿಂಡಿಯಲ್ಲಿ 1920ರಿಂದ ಕೆಲಸ ಮಾಡಿದ ವೈದ್ಯೆ ಆನಾ ಡೆಂಗೆಲ್, ಪರದೆಯೊಳಗಿನ ತಾಯಂದಿರು ಗಂಡಸು ವೈದ್ಯರ ಬಳಿ ಹೋಗಲಾರದೆ ಸಾಯುವುದನ್ನು ಕಂಡರು. 1925ರಲ್ಲಿ ಮೆಡಿಕಲ್ ಮಿಷನ್ ಸೋದರಿಯರ ಸಂಸ್ಥೆಯನ್ನು ಆರಂಭಿಸಿದವರು ಅವರೇ. 1936ರಲ್ಲಿ ರೋಮಿನ ಪವಿತ್ರ ಪೀಠವು ಕನ್ಯಾಸ್ತ್ರೀಯರಿಗೆ ವೈದ್ಯಕೀಯ ಸೇವೆಗೂ ಹೆರಿಗೆಯ ಸೇವೆಗೂ ಅನುಮತಿ ನೀಡಿತು. ತಾಯಿಯ ಪ್ರಾಣದ ಮುಂದೆ ಹಳೆಯ ನಿಯಮವನ್ನೇ ಬದಲಾಯಿಸಿದ ಧರ್ಮಸಭೆಯ ಮಕ್ಕಳು ನಾವು ಎಂಬುದನ್ನು ಮರೆಯದಿರೋಣ.

ನಮ್ಮ ದೇಶದ ಕಡೆಗೆ ಬರೋಣ. 1946ರಲ್ಲಿ ಭೋರ್ ಸಮಿತಿಯು ತನ್ನ ವರದಿಯಲ್ಲಿ ಹಳ್ಳಿಯ ಜನರಿಗೆ ಹತ್ತಿರದಲ್ಲೇ ಆರೋಗ್ಯ ಸೇವೆ ದೊರೆಯಬೇಕೆಂದು ಶಿಫಾರಸು ಮಾಡಿತು. 1952ರಿಂದ ಪ್ರಾಥಮಿಕ ಆರೋಗ್ಯ ಕೇಂದ್ರಗಳು ಆರಂಭವಾದವು. ಬಯಲು ಸೀಮೆಯಲ್ಲಿ 5,000 ಜನರಿಗೆ, ಗುಡ್ಡಗಾಡು ಮತ್ತು ಬುಡಕಟ್ಟು ಪ್ರದೇಶಗಳಲ್ಲಿ 3,000 ಜನರಿಗೆ ಒಂದು ಉಪಕೇಂದ್ರವಿರಬೇಕೆಂಬುದು ಸರಕಾರದ ಲೆಕ್ಕ. ಆ ಉಪಕೇಂದ್ರದ ಆಧಾರವೇ ಸಹಾಯಕ ದಾದಿ-ಸೂಲಗಿತ್ತಿ. 2005ರಿಂದ ಆಶಾ ಕಾರ್ಯಕರ್ತೆಯರು ಆಕೆಗೆ ಜೊತೆಯಾದರು. 2018ರ ಅನಂತರ ಅನೇಕ ಉಪಕೇಂದ್ರಗಳಿಗೆ ನರ್ಸಿಂಗ್ ಓದಿದ ಸಮುದಾಯ ಆರೋಗ್ಯ ಅಧಿಕಾರಿಗಳೂ ಬಂದಿದ್ದಾರೆ.

ಈ ದಾದಿಯ ಕೆಲಸಗಳಾವುವು? ಮೊದಲನೆಯದು ತಾಯಿ ಮತ್ತು ಮಗು. ಗರ್ಭಿಣಿಯ ಹೆಸರನ್ನು ಮೊದಲ 12 ವಾರಗಳೊಳಗೆ ನೋಂದಾಯಿಸುವುದು, ಹೆರಿಗೆಗೆ ಮುನ್ನ ಕಡೆಯ ಪಕ್ಷ ನಾಲ್ಕು ಬಾರಿ ತೂಕ, ರಕ್ತದೊತ್ತಡ, ರಕ್ತ, ಮೂತ್ರಗಳ ಪರೀಕ್ಷೆ ಆಗುವಂತೆ ನೋಡಿಕೊಳ್ಳುವುದು, ಕಬ್ಬಿಣಾಂಶದ ಮಾತ್ರೆ ಕೊಡುವುದು ಆಕೆಯ ಕೆಲಸ. ಮಾತ್ರೆ ಕೊಟ್ಟರೆ ಸಾಲದು. ಅದನ್ನು ಕಾಫಿ, ಟೀ ಜೊತೆ ನುಂಗಿದರೆ ಮೈಗೆ ಹತ್ತುವುದಿಲ್ಲ, ಮಲ ಕಪ್ಪಾದರೆ ಹೆದರಬೇಕಾಗಿಲ್ಲ ಎಂದು ತಿಳಿಹೇಳಬೇಕು. ಮುಖ ಊದಿ, ತಲೆನೋವು ಬಂದು, ಕಣ್ಣು ಮಂಜಾದರೆ ತಡಮಾಡದೆ 108 ವಾಹನವನ್ನು ಕರೆಸಬೇಕೆಂದು ಅತ್ತೆ-ಮಾವಂದಿರಿಗೂ ಹೇಳಬೇಕು. ಹುಟ್ಟಿದ ಕೂಸಿಗೆ ಜೇನುತುಪ್ಪ, ಸಕ್ಕರೆ ನೀರು ನೆಕ್ಕಿಸುವ ಅಜ್ಜಿಯನ್ನು ನೋಯಿಸದೆ ತಡೆದು, ಮೊದಲ ಹಳದಿ ಹಾಲನ್ನೇ ಕುಡಿಸಬೇಕೆಂದು ಒಪ್ಪಿಸುವುದು ಸಣ್ಣ ಕೆಲಸವಲ್ಲ. ಮಗುವಿಗೆ ಭೇದಿಯಾದಾಗ, ಕಾಯಿಸಿ ಆರಿಸಿದ ಒಂದು ಲೀಟರ್ ನೀರಿಗೆ ಒಂದು ಪೊಟ್ಟಣ ಓ.ಆರ್.ಎಸ್. ಪುಡಿ ಬೆರೆಸುವುದನ್ನು ಅಡುಗೆಮನೆಯಲ್ಲೇ ಮಾಡಿ ತೋರಿಸುವವಳೂ ಆಕೆಯೇ.

ಎರಡನೆಯದು ಲಸಿಕೆ. ಲಸಿಕೆಯನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿ ಕಾಪಾಡಬೇಕು. ಮಂಜುಗಡ್ಡೆಯ ಪೆಟ್ಟಿಗೆಯನ್ನು ಹೆಗಲಿಗೇರಿಸಿ ಬಿಸಿಲಿನಲ್ಲಿ ನಡೆದು ಬರುವ ದಾದಿಯು ಆ ತಂಪನ್ನೂ ಹೊತ್ತು ತರುತ್ತಾಳೆ. ನಮ್ಮ ದೇಶದಲ್ಲಿ ಸಿಡುಬಿನ ಕೊನೆಯ ಪ್ರಕರಣ ಕಂಡದ್ದು 1975ರಲ್ಲಿ. ಪೋಲಿಯೋದ ಕೊನೆಯ ಪ್ರಕರಣ 2011ರಲ್ಲಿ. 2014ರಲ್ಲಿ ಭಾರತವು ಪೋಲಿಯೋ ಮುಕ್ತವೆಂಬ ಪ್ರಮಾಣಪತ್ರವನ್ನು ಪಡೆಯಿತು. ಇವೆಲ್ಲ ದೊಡ್ಡ ಆಸ್ಪತ್ರೆಗಳೊಳಗೆ ನಡೆದ ವಿಜಯಗಳಲ್ಲ. ಮನೆಯಿಂದ ಮನೆಗೆ ಹೋಗಿ, ತಪ್ಪಿಹೋದ ಮಗುವನ್ನು ಹುಡುಕಿ, ಗೋಡೆಯ ಮೇಲೆ ಗುರುತು ಬರೆದವರ ವಿಜಯಗಳು.

ಮೂರನೆಯದು ದೀರ್ಘಕಾಲದ ರೋಗಗಳು. 1956ರಲ್ಲಿ ಮದರಾಸಿನಲ್ಲಿ ಕ್ಷಯರೋಗ ಚಿಕಿತ್ಸೆಯ ಒಂದು ಸಂಶೋಧನಾ ಕೇಂದ್ರ ಆರಂಭವಾಯಿತು. ಕೆಲವು ರೋಗಿಗಳಿಗೆ ಸ್ಯಾನಿಟೋರಿಯಮ್ಮಿನಲ್ಲಿಯೂ, ಕೆಲವರಿಗೆ ಅವರವರ ಇಕ್ಕಟ್ಟಾದ ಬಡ ಮನೆಗಳಲ್ಲಿಯೂ ಅದೇ ಔಷಧಿಗಳನ್ನು ಒಂದು ವರ್ಷ ಕೊಡಲಾಯಿತು. 1959ರಲ್ಲಿ ಫಲಿತಾಂಶ ಪ್ರಕಟವಾದಾಗ ಜಗತ್ತೇ ಬೆರಗಾಯಿತು: ಮನೆಯಲ್ಲಿದ್ದವರೂ ಹೆಚ್ಚುಕಡಿಮೆ ಅಷ್ಟೇ ಚೆನ್ನಾಗಿ ಗುಣವಾಗಿದ್ದರು. ಆದರೆ ಅಲ್ಲಿ ಸಿಬ್ಬಂದಿಯವರು ಮುನ್ಸೂಚನೆಯಿಲ್ಲದೆ ಮನೆಗಳಿಗೆ ಹೋಗಿ ಉಳಿದ ಮಾತ್ರೆಗಳನ್ನು ಎಣಿಸುತ್ತಿದ್ದರು ಎಂಬುದನ್ನು ಮರೆಯಬಾರದು. ಇಂದು ಸಾಮಾನ್ಯ ಕ್ಷಯಕ್ಕೆ ಆರು ತಿಂಗಳ ಉಚಿತ ಔಷಧಿಯಿದೆ. ಎರಡು ತಿಂಗಳಲ್ಲಿ ಕೆಮ್ಮು ನಿಂತಿತೆಂದು ಔಷಧಿ ಬಿಟ್ಟವನಿಗೆ ರೋಗ ಮರಳುತ್ತದೆ. ಮರಳಿದ ರೋಗವು ಔಷಧಿಗೆ ಬಗ್ಗದಿರಬಹುದು. ರಕ್ತದೊತ್ತಡ, ಸಕ್ಕರೆ ಕಾಯಿಲೆಗಳಲ್ಲಿಯೂ ಇದೇ ಕಥೆ. ಒತ್ತಡ ಇಳಿದಿದೆ ಎಂದು ತಾವೇ ಮಾತ್ರೆ ನಿಲ್ಲಿಸಿದವರಲ್ಲಿ ಕೆಲವರು ಲಕ್ವ ಹೊಡೆದ ಮೇಲೆ ಕಣ್ಣು ತೆರೆಯುತ್ತಾರೆ.

ತಿಂಗಳ ಮೊದಲ ಶುಕ್ರವಾರ ಹಾಸಿಗೆ ಹಿಡಿದವರಿಗೆ ಪರಮಪ್ರಸಾದವನ್ನು ಕೊಂಡೊಯ್ಯುವಾಗ ನಾವು ಕಾಣುವ ದೃಶ್ಯವನ್ನು ಇಲ್ಲಿ ಹೇಳಲೇಬೇಕು. ಮಕ್ಕಳು ಬೆಂಗಳೂರಿನಲ್ಲಿ ಅಥವಾ ಕೊಲ್ಲಿ ದೇಶಗಳಲ್ಲಿ. ಮನೆಯಲ್ಲಿ ವೃದ್ಧ ತಾಯಿಯೊಬ್ಬರೇ. ಹಣಕ್ಕೆ ಕೊರತೆಯಿಲ್ಲ, ಪ್ರತಿ ವಾರ ಫೋನೂ ಬರುತ್ತದೆ. ಆದರೆ ಒಂದೇ ಸ್ಟೀಲ್ ಡಬ್ಬಿಯಲ್ಲಿ ಮೂರು ವೈದ್ಯರ ಮಾತ್ರೆಗಳು ಬೆರೆತು ಬಿದ್ದಿರುತ್ತವೆ. ಯಾವುದು ಬೆಳಗ್ಗೆ, ಯಾವುದು ರಾತ್ರಿ ಎಂದು ಹೇಳುವವರಿಲ್ಲ. ಹಾಸಿಗೆ ಹಿಡಿದವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸದಿದ್ದರೆ ಬೆನ್ನಿನಲ್ಲಿ ಹುಣ್ಣಾಗುತ್ತದೆ ಎಂಬುದು ಹಣ ಕಳುಹಿಸುವ ಮಗನಿಗೆ ತಿಳಿದಿಲ್ಲ. ಆ ಡಬ್ಬಿಯನ್ನು ತೆರೆದು ವಿಂಗಡಿಸಿ ಕೊಡಬಲ್ಲವಳು, ಹುಣ್ಣು ಕೀವಾಗುವ ಮುನ್ನವೇ ಕಾಣಬಲ್ಲವಳು ದಾದಿಯೇ.

ಅಧಿಕಾರದೊಡನೆ ಹೊಣೆಯೂ ಬರುತ್ತದೆ. ದಾದಿಯು ತನ್ನ ವಿದ್ಯೆಯ ಮಿತಿಯನ್ನು ಅರಿತು, ವೈದ್ಯರಿಗೆ ತೋರಿಸಬೇಕಾದುದನ್ನು ತಡಮಾಡದೆ ತೋರಿಸಬೇಕು. ನೋಡದ ಮನೆಯನ್ನು ನೋಡಿದೆನೆಂದು ಪುಸ್ತಕದಲ್ಲಿ ಬರೆಯಬಾರದು. ಜಾತಿ, ಮತ, ಪಕ್ಷಗಳ ಭೇದವಿಲ್ಲದೆ ಎಲ್ಲ ಕೇರಿಗಳಿಗೂ ಹೋಗಬೇಕು. ಎಲ್ಲಕ್ಕಿಂತ ಮಿಗಿಲಾಗಿ, ಒಂದು ಮನೆಯಲ್ಲಿ ಕಂಡದ್ದನ್ನು ಇನ್ನೊಂದು ಮನೆಯಲ್ಲಿ ಆಡಬಾರದು. ಪಾಪನಿವೇದನೆಯನ್ನು ಕೇಳುವ ಗುರುಗಳಾದ ನಮಗೆ ಈ ಮಾತಿನ ಭಾರ ಚೆನ್ನಾಗಿ ತಿಳಿದಿದೆ. ಗುಟ್ಟು ನಿಲ್ಲುವುದೆಂಬ ನಂಬಿಕೆಯಿಲ್ಲದ ಕಡೆ ಯಾರೂ ತಮ್ಮ ನೋವನ್ನು ಹೇಳಿಕೊಳ್ಳುವುದಿಲ್ಲ.

ಇನ್ನು ನಮ್ಮ ಕರ್ತವ್ಯ. ಪ್ರತಿ ವರ್ಷ ಮೇ 12ರಂದು ದಾದಿಯರ ದಿನವನ್ನು ಆಚರಿಸಿ, ಶಾಲು ಹೊದಿಸಿ, ಹಾರ ಹಾಕುತ್ತೇವೆ. ಮರುದಿನ ಅದೇ ದಾದಿ ಬಾಗಿಲಿಗೆ ಬಂದರೆ, 'ಮನೆಯಲ್ಲಿ ಎಲ್ಲರೂ ಚೆನ್ನಾಗಿದ್ದೇವೆ' ಎಂದು ಹೊಸಲಿನಿಂದಲೇ ಕಳುಹಿಸುವವರು ನಮ್ಮಲ್ಲಿಲ್ಲವೇ? ಮಗಳ ಮದುವೆಗೆ ಅಡ್ಡಿಯಾದೀತೆಂದು ತಂದೆಯ ಕ್ಷಯವನ್ನು ಮುಚ್ಚಿಡುವವರಿಲ್ಲವೇ? ದಾದಿಯ ಸಮವಸ್ತ್ರ ಬೀದಿಯವರ ಕಣ್ಣಿಗೆ ಬೀಳದಂತೆ ಹಿತ್ತಲ ಬಾಗಿಲಿನಿಂದ ಬರಹೇಳುವವರಿಲ್ಲವೇ? ಬಾಂಧವರೇ, ಮುಚ್ಚಿಟ್ಟ ಕ್ಷಯವು ಮೊದಲು ತಗಲುವುದು ಅದೇ ಮನೆಯ ಮಕ್ಕಳಿಗೆ. ರೋಗವು ಪಾಪವಲ್ಲ, ಮನೆತನಕ್ಕೆ ಕಳಂಕವೂ ಅಲ್ಲ. ಎರಡು ವಾರ ಮೀರಿದ ಕೆಮ್ಮಿಗೆ ಕಫ ಪರೀಕ್ಷೆ ಮಾಡಿಸುವುದು, ಮನೆಯವರ ಮೇಲಿನ ಪ್ರೀತಿಯ ಲಕ್ಷಣ.

ಆದುದರಿಂದ ಈ ಶತಮಾನೋತ್ಸವದ ವರ್ಷದಲ್ಲಿ ನಾವು ನಿಮ್ಮ ಮುಂದೆ ಮೂರು ಬೇಡಿಕೆಗಳನ್ನಿಡುತ್ತೇವೆ. ಒಂದು, ಪ್ರತಿ ವಾರ್ಡಿನಿಂದ ಇಬ್ಬರು ಮುಂದೆ ಬಂದು, ದಾದಿಯು ಬರುವ ದಿನ ಆಕೆಯೊಡನೆ ನಡೆಯಲಿ. ಆಕೆಗೆ ಮನೆಗಳ ಪರಿಚಯ ಮಾಡಿಕೊಡಲಿ, ಒಂದು ಲೋಟ ನೀರನ್ನೂ ಕುಳಿತುಕೊಳ್ಳಲು ನೆರಳನ್ನೂ ಒದಗಿಸಲಿ. ಎರಡು, ಒಂಟಿಯಾಗಿರುವ ವೃದ್ಧರ ಮತ್ತು ಹಾಸಿಗೆ ಹಿಡಿದವರ ಪಟ್ಟಿಯನ್ನು, ಅವರ ಒಪ್ಪಿಗೆ ಪಡೆದು, ಯಾವ ಮತದವರೆಂದು ನೋಡದೆ ತಯಾರಿಸೋಣ. ಶಾತಿಯೋಂ ಊರಿನ ಸ್ತ್ರೀಯರಂತೆ ಸರದಿಯ ಮೇಲೆ ಅವರನ್ನು ನೋಡಿ ಬರೋಣ. ಮೂರು, ನರ್ಸಿಂಗ್ ಕಲಿಯುತ್ತಿರುವ ನಮ್ಮ ಧರ್ಮಕೇಂದ್ರದ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಿಗೂ ಒಂದು ಮಾತು. ಹೊರದೇಶಕ್ಕೆ ಹೋಗಿ ಕುಟುಂಬವನ್ನು ಮೇಲೆತ್ತುವುದು ತಪ್ಪಲ್ಲ. ಆ ದುಡಿಮೆಯನ್ನು ನಾವು ಗೌರವಿಸುತ್ತೇವೆ. ಆದರೆ ನಿಮ್ಮಲ್ಲಿ ಕೆಲವರಾದರೂ ಹಳ್ಳಿಯ ಉಪಕೇಂದ್ರವನ್ನು ಆರಿಸಿಕೊಂಡರೆ, ನಿಮ್ಮ ತಂದೆತಾಯಿಗಳು 'ಇಷ್ಟು ಓದಿ ಇಲ್ಲೇ ಉಳಿದಳೇ' ಎಂದು ಕೊರಗದಿರಲಿ.

ಮುಂದಿನ ಭಾನುವಾರ ಎರಡನೆಯ ಬಲಿಪೂಜೆಯ ಬಳಿಕ ವಾರ್ಡಿನ ಹಿರಿಯರು ಶಾಲೆಯ ಕೋಣೆಯಲ್ಲಿ ಸೇರಿ, ಮೊದಲ ಸರದಿಯ ಪಟ್ಟಿಯನ್ನು ಬರೆಯಬೇಕೆಂದು ಕೋರುತ್ತೇವೆ. ರೋಗಿಗಳನ್ನು ಮುಟ್ಟಿ ಗುಣಪಡಿಸಿದ ಪ್ರಭು ಯೇಸುಸ್ವಾಮಿಯು ಇಲ್ಲಿ ಕುಳಿತಿರುವ ಎಲ್ಲ ದಾದಿಯರ ಕೈಗಳನ್ನೂ ಕಾಲುಗಳನ್ನೂ ಆಶೀರ್ವದಿಸಲಿ.