ಅಜ್ಜಿ ಹೇಳಿದ್ದು, ಮೊಮ್ಮಗಳು ಬರೆದದ್ದು



ಹಳೆಯ ವಿದ್ಯಾರ್ಥಿನಿಯೆಂದು ಪ್ರೀತಿಯಿಂದ ಕರೆದಿದ್ದೀರಿ. ಕಥೆಯ ವಿಚಾರವನ್ನೇ ಮಾತಾಡುತ್ತೇನೆ.

ಎ.ಕೆ. ರಾಮಾನುಜನ್ ಸಂಗ್ರಹಿಸಿದ ಕನ್ನಡದ ಜನಪದ ಕಥೆಯೊಂದಿದೆ. ಒಬ್ಬಾಕೆಗೆ ಒಂದು ಕಥೆ, ಒಂದು ಹಾಡು ಗೊತ್ತು. ಯಾರಿಗೂ ಹೇಳಳು. ಒಳಗೇ ಉಸಿರುಕಟ್ಟಿದ ಅವೆರಡೂ ಒಂದು ದಿನ ಹೊರಬಿದ್ದು, ಕಥೆ ಜೋಡಾಗಿ ಬಾಗಿಲಲ್ಲಿ ಕೂರುತ್ತದೆ, ಹಾಡು ಗಂಡಸಿನ ಅಂಗಿಯಾಗಿ ಗೂಟಕ್ಕೆ ತೂಗುತ್ತದೆ. ಇವು ಯಾರವೆಂದು ಗಂಡ ಜಗಳ ತೆಗೆಯುತ್ತಾನೆ. ನಿಜ ತಿಳಿದು ಕೇಳುವ ಹೊತ್ತಿಗೆ ಆಕೆಗೆ ಎರಡೂ ಮರೆತುಹೋಗಿವೆ.

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಎಷ್ಟೋ ಮನೆಗಳಲ್ಲಿ ಈಗ ಆಗುತ್ತಿರುವುದು ಇದೇ. ಹುಣಸೆಹಣ್ಣಿನ ಬೀಜ ಬಿಡಿಸುತ್ತಾ, ಕಡಲೆಕಾಯಿ ಸುಲಿಯುತ್ತಾ ಹೆಂಗಸರು ರಾತ್ರಿಯೆಲ್ಲಾ ಕಥೆ ಹೇಳುತ್ತಿದ್ದರು. ಈಗ ಅಲ್ಲಿ ಟಿ.ವಿ. ಕೂತಿದೆ. ಅದೊಂದನ್ನೇ ದೂರಲಾರೆ. ಮನೆಗೆ ಓದು ಬಂದಂತೆ ಓದದವರ ಮಾತಿಗೆ ಬೆಲೆ ಇಳಿಯಿತು.

ನೆರೆಯ ಚಳ್ಳಕೆರೆ ತಾಲ್ಲೂಕಿನ ಕಾಡುಗೊಲ್ಲರ ಸಿರಿಯಜ್ಜಿಗೆ ಅಕ್ಷರ ಬರುತ್ತಿರಲಿಲ್ಲ. ಹಾಡುಗಳು ಮಾತ್ರ ಲೆಕ್ಕವಿಲ್ಲದಷ್ಟು. ಕೃಷ್ಣಮೂರ್ತಿ ಹನೂರರು ಎದುರು ಕೂತು ಕೇಳಿ ಬರೆದುಕೊಂಡದ್ದರಿಂದ ‘ಸಾವಿರದ ಸಿರಿಬೆಳಗು’ ನಮ್ಮ ಕೈಲಿದೆ. ಶಿರಾ ಕಡೆಯ ಹಟ್ಟಿಗಳ ಜುಂಜಪ್ಪನ ಕಾವ್ಯವೂ ಹೀಗೇ ಕೇಳಿದವರಿಂದ ಪುಸ್ತಕವಾಯಿತು. ಕೇಳುವವರಿಲ್ಲದ ಸಿರಿಯಜ್ಜಿಯರು ಎಷ್ಟು ಜನರೋ!

ಸಾಕ್ಷರತಾ ಆಂದೋಲನದ ಕಾಲದಲ್ಲಿ ಮಧುಗಿರಿ ಕಡೆಯ ಒಂದು ಹಳ್ಳಿಯಲ್ಲಿ ರಾತ್ರಿ ಪಾಠ ಮಾಡುತ್ತಿದ್ದೆ. ದಿನವೆಲ್ಲಾ ಕೂಲಿ ಮಾಡಿ ಬಂದವರು ‘ಅ’ ತಿದ್ದುತ್ತಲೇ ತೂಕಡಿಸುತ್ತಿದ್ದರು. ಒಂದು ರಾತ್ರಿ ಹಿರಿಯಾಕೆಯೊಬ್ಬರು ಹೇಳಿದ ಏಳು ಜನ ಅಣ್ಣಂದಿರ ತಂಗಿಯ ಕಥೆಯನ್ನು ಅವರ ಮಾತಿನಲ್ಲೇ ಬೋರ್ಡಿನ ಮೇಲೆ ದಪ್ಪಕ್ಷರದಲ್ಲಿ ಬರೆದೆ. ಎಲ್ಲರೂ ಲಾಟೀನು ಹಿಡಿದು ಹತ್ತಿರ ಬಂದರು. ಮುಂದಿನ ಮಾತು ಏನೆಂದು ಮೊದಲೇ ಗೊತ್ತಿದ್ದುದರಿಂದ ಅಕ್ಷರ ತಾನಾಗಿ ಹೊಂದಿಕೊಂಡಿತು. “ನಾನಂದಿದ್ದು ಇಲ್ಲೈತೇನಮ್ಮಾ?” ಎಂದು ಆಕೆ ಬೋರ್ಡು ಮುಟ್ಟಿ ನೋಡಿದರು. ಮಾರನೆಯ ದಿನದಿಂದ ಕಥೆ ಹೇಳಲು ಪೈಪೋಟಿ.

ಪಾವಗಡದ ಮಕ್ಕಳಿಗೆ ಇನ್ನೊಂದು ಮಾತು. ನಿಮ್ಮಲ್ಲಿ ಹಲವರ ಅಜ್ಜಿಯರು ತೆಲುಗಿನಲ್ಲಿ ಹೇಳುತ್ತಾರೆ. ನಾಚಬೇಡಿ. ತೆಲುಗು ಮಾತನ್ನೇ ಕನ್ನಡ ಅಕ್ಷರದಲ್ಲಿ ಬರೆಯಿರಿ, ಕೆಳಗೆ ಕನ್ನಡದಲ್ಲಿ ಅರ್ಥ ಬರೆಯಿರಿ.

ಸುವರ್ಣ ಮಹೋತ್ಸವದ ನೆನಪಿಗೆ ಶಾಲೆಯ ಗ್ರಂಥಾಲಯಕ್ಕೆ ಐವತ್ತು ನೋಟ್‌ಬುಕ್ ತಂದಿದ್ದೇನೆ, ಎಲ್ಲವೂ ಖಾಲಿ. ಮೊದಲ ಪುಟದಲ್ಲಿ ಕಥೆ ಹೇಳಿದವರ ಹೆಸರು, ಊರು ಇರಲಿ. ಬರೆದವರ ಹೆಸರು ಆಮೇಲೆ. ಬರೆದಾದ ಮೇಲೆ ಅವರಿಗೇ ಓದಿ ಕೇಳಿಸಿ. ಅಕ್ಷರ ಬಾರದ ಅಜ್ಜಿಯೇ ನಿಮ್ಮ ತಪ್ಪು ಹಿಡಿಯುತ್ತಾರೆ, ನೋಡುತ್ತಿರಿ!