ಪಿಕಾಲ್ಯೊವೊ: ಒಂದೇ ಒಲೆಯ ಊರು



ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್‌ನಿಂದ ಪೂರ್ವಕ್ಕೆ ಸುಮಾರು 250 ಕಿ.ಮೀ. ದೂರದಲ್ಲಿ ಪಿಕಾಲ್ಯೊವೊ ಎಂಬ ಸಣ್ಣ ಪಟ್ಟಣವಿದೆ. ಜನ ಸುಮಾರು 20 ಸಾವಿರ. ಕಾರ್ಖಾನೆಯಿಂದಲೇ ಬೆಳೆದ ಊರದು.

ಸೋವಿಯತ್ ಕಾಲದಲ್ಲಿ ಮಾಡಿದ ಏರ್ಪಾಡು ಜಾಣತನದ್ದೇ. ಉತ್ತರದ ಕೋಲಾ ಪರ್ಯಾಯದ್ವೀಪದಿಂದ ನೆಫೆಲಿನ್ ಎಂಬ ಖನಿಜ ಬರುತ್ತಿತ್ತು. ಅದನ್ನು ಸುಣ್ಣಕಲ್ಲಿನೊಡನೆ ಸುಟ್ಟು ಅಲ್ಯೂಮಿನಾ ತೆಗೆಯುತ್ತಿದ್ದರು. ಉಳಿದ ಗಸಿ ಸಿಮೆಂಟಿಗೆ. ದ್ರಾವಣ ಸೋಡಾ, ಪೊಟ್ಯಾಷ್‌ಗೆ. ಒಂದರ ಕಸವೇ ಇನ್ನೊಂದರ ಕಚ್ಚಾವಸ್ತು.

ಖಾಸಗೀಕರಣದ ನಂತರ ಈ ಸರಪಳಿ ಮೂವರು ಮಾಲೀಕರ ಪಾಲಾಯಿತು. ಬೆಲೆಯ ಜಗಳ ಹತ್ತಿತು. 2008ರ ಆರ್ಥಿಕ ಕುಸಿತ ಬಂದಾಗ ಒಂದರ ಹಿಂದೊಂದು ಮೂರೂ ನಿಂತವು. ಊರಿಗೆ ಬಿಸಿನೀರು ಕೊಡುತ್ತಿದ್ದದ್ದೂ ಕಾರ್ಖಾನೆಯ ಸ್ಥಾವರವೇ. ಗ್ಯಾಸಿನ ಬಾಕಿ ತೀರದೆ 2009ರ ಮೇ ತಿಂಗಳಲ್ಲಿ ಅದೂ ನಿಂತಿತು. ಜೂನ್ 2ರಂದು ಜನ ಹೆದ್ದಾರಿ ತಡೆದರು. ಎರಡೇ ದಿನಕ್ಕೆ ಅಂದಿನ ಪ್ರಧಾನಿ ಪುಟಿನ್ ಬಂದು, ಕ್ಯಾಮೆರಾಗಳೆದುರು ಉದ್ಯಮಿ ಡೆರಿಪಾಸ್ಕಾರಿಂದ ಕಚ್ಚಾವಸ್ತು ಒಪ್ಪಂದಕ್ಕೆ ಸಹಿ ಹಾಕಿಸಿದರು. ಯಂತ್ರಗಳು ಮತ್ತೆ ತಿರುಗಿದವು.

ಒಂದೇ ಉದ್ಯಮವನ್ನು ನಂಬಿದ ಇಂಥ 300ಕ್ಕೂ ಹೆಚ್ಚು ಊರುಗಳು 2014ರ ಸರ್ಕಾರಿ ಪಟ್ಟಿಯಲ್ಲಿದ್ದವು. ಎಲ್ಲ ಊರಿಗೂ ಪ್ರಧಾನಿ ಬರಲಾರರು. ಆಸ್ತಿಯನ್ನು ಕಾಗದದಲ್ಲಿ ಮೂರು ಪಾಲು ಮಾಡಬಹುದು, ಉರಿಯುವ ಒಲೆಯನ್ನಲ್ಲ.