ಜೇಬಿನಲ್ಲಿ ಒಂದೇ ಗುಂಡು



ಒಬ್ಬ ಪೊಲೀಸಿನವನನ್ನು ಕಣ್ಣ ಮುಂದೆ ತಂದುಕೊಳ್ಳಿ. ಕಡ್ಡಿಯಂಥ ಮೈ, ಉಬ್ಬಿದ ಕಣ್ಣು, ಗರಿಗರಿ ಸಮವಸ್ತ್ರ. ಸೊಂಟದಲ್ಲಿ ರಿವಾಲ್ವರ್ ಉಂಟು, ಆದರೆ ಖಾಲಿ. ಅವನಿಗೆಂದು ಕೊಟ್ಟಿರುವುದು ಒಂದೇ ಒಂದು ಗುಂಡು. ಅದನ್ನೂ ಅಂಗಿಯ ಜೇಬಿನಲ್ಲಿಟ್ಟುಕೊಳ್ಳಬೇಕೆಂದು ಮೇಲಧಿಕಾರಿಯ ತಾಕೀತು. ಯಾಕೆಂದರೆ ರಿವಾಲ್ವರಿಗೆ ಅದನ್ನು ತುಂಬಿದಾಗಲೆಲ್ಲ ಈತ ಬೇಡದ ಹೊತ್ತಿನಲ್ಲಿ ಹಾರಿಸಿಬಿಡುತ್ತಾನೆ. ಊರಿನಲ್ಲಿ ನಿಜವಾಗಿ ಕಳ್ಳ ಬಂದನೆಂದರೆ ಆ ಗುಂಡನ್ನು ಜೇಬಿನಿಂದ ತೆಗೆಯುವಷ್ಟರಲ್ಲೇ ಕೈ ಗಡಗಡ.

ಇವನ ಹೆಸರು ಬಾರ್ನಿ ಫೈಫ್. ಅಮೆರಿಕದ ಸಿಬಿಎಸ್ ವಾಹಿನಿಯಲ್ಲಿ 1960ರ ಅಕ್ಟೋಬರಿನಲ್ಲಿ ಶುರುವಾದ ‘ದಿ ಆಂಡಿ ಗ್ರಿಫಿತ್ ಶೋ’ ಎಂಬ ಹಾಸ್ಯ ಧಾರಾವಾಹಿಯ ಡೆಪ್ಯುಟಿ. ಪಾತ್ರ ಮಾಡಿದವರು ಡಾನ್ ನಾಟ್ಸ್.

ನಮ್ಮಲ್ಲಾದರೆ ‘ಉತ್ತರನ ಪೌರುಷ ಒಲೆಯ ಮುಂದೆ’ ಅಂದು ಮುಗಿಸುತ್ತಿದ್ದೆವು. ಬಾರ್ನಿ ಉತ್ತರಕುಮಾರನ ಕುಲದವನೇ. ಆದರೆ ಉತ್ತರನ ಕಥೆ ಅಷ್ಟು ರುಚಿಯಾಗಿರುವುದು ಅವನೊಬ್ಬನಿಂದಲ್ಲ. ರಥದಲ್ಲಿ ಬೃಹನ್ನಳೆ ಇದ್ದಾಳೆ. ಓಡಿಹೋಗುವವನನ್ನು ಹಿಡಿದು ತಂದು, ತಾನೇ ಯುದ್ಧ ಗೆದ್ದು, ಗೆದ್ದವನು ನೀನೆಂದೇ ಊರಿಗೆ ಹೇಳಿಕೋ ಅನ್ನುವ ಬೃಹನ್ನಳೆ. ಡಾನ್ ನಾಟ್ಸ್ ಅವರ ಬದುಕನ್ನು ನೋಡುವಾಗ ನನಗೆ ಮತ್ತೆ ಮತ್ತೆ ನೆನಪಾಗುವುದು ಆ ಸಾರಥಿ.

ನಾಟ್ಸ್ ಹುಟ್ಟಿದ್ದು 1924ರಲ್ಲಿ, ವೆಸ್ಟ್ ವರ್ಜೀನಿಯಾದ ಮಾರ್ಗನ್‌ಟೌನ್‌ನಲ್ಲಿ. ನಾಲ್ಕು ಗಂಡುಮಕ್ಕಳಲ್ಲಿ ಕೊನೆಯವರು. ತಂದೆಗೆ ಮನಸ್ಸಿನ ಕಾಯಿಲೆ, ಜೊತೆಗೆ ಕುಡಿತ. ಒಮ್ಮೊಮ್ಮೆ ಆ ಎಳೆಯ ಮಗನಿಗೇ ಚಾಕು ತೋರಿಸಿ ಹೆದರಿಸುತ್ತಿದ್ದರಂತೆ. ಮಗನಿಗೆ 13 ವರ್ಷವಾದಾಗ ತಂದೆ ತೀರಿಕೊಂಡರು. ತಾಯಿ ಮನೆಯಲ್ಲೇ ಬಾಡಿಗೆಯವರನ್ನಿಟ್ಟುಕೊಂಡು, ಅವರಿಗೆ ಅಡುಗೆ ಮಾಡಿಹಾಕಿ ಮಕ್ಕಳನ್ನು ಸಾಕಿದರು. ಮುಂದೆ ಇಡೀ ದೇಶವನ್ನು ನಗಿಸಿದ ಆ ಕೈನಡುಕ ಬರೀ ರಂಗಶಾಲೆಯಲ್ಲಿ ಕಲಿತದ್ದು ಅಂದರೆ ನಾನಂತೂ ನಂಬುವುದಿಲ್ಲ.

ಹುಡುಗ ಮಾತಾಡುವ ಬೊಂಬೆಯ ಆಟ ಕಲಿತ. ಎರಡನೆಯ ಮಹಾಯುದ್ಧದಲ್ಲಿ ಸೈನ್ಯಕ್ಕೆ ಸೇರಿದಾಗ, ಪೆಸಿಫಿಕ್ ದ್ವೀಪಗಳಲ್ಲಿ ಸೈನಿಕರನ್ನು ರಂಜಿಸುವ ತಂಡಕ್ಕೆ ಹಾಕಿದರು. ಅಲ್ಲೂ ಬೊಂಬೆಯ ಆಟವೇ. ಆ ಆಟದಲ್ಲಿ ಒಂದು ಸಂಕಟವಿದೆ. ಮನುಷ್ಯ ಗಂಭೀರವಾಗಿ ಪ್ರಶ್ನೆ ಕೇಳಬೇಕು, ತಮಾಷೆಯ ಉತ್ತರ ಕೊಡುವುದು ಬೊಂಬೆ. ನಗುವೆಲ್ಲ ಮರದ ತುಂಡಿನ ಪಾಲು! ನಾಟ್ಸ್ ಅವರಿಗೆ ಅದು ಸಾಕಾಗಿ ಹೋಯಿತು.

ಯುದ್ಧ ಮುಗಿಯಿತು, ಪದವಿಯಾಯಿತು, ನ್ಯೂಯಾರ್ಕ್ ಸೇರಿದರು. 1955ರಲ್ಲಿ ಬ್ರಾಡ್‌ವೇಯ ‘ನೋ ಟೈಮ್ ಫಾರ್ ಸಾರ್ಜೆಂಟ್ಸ್’ ನಾಟಕದಲ್ಲಿ ಆಂಡಿ ಗ್ರಿಫಿತ್ ಜೊತೆಯಾದರು. ಆಮೇಲೆ ಸ್ಟೀವ್ ಆಲನ್ ಅವರ ಟಿವಿ ಕಾರ್ಯಕ್ರಮದಲ್ಲಿ ಗಾಬರಿ ಮನುಷ್ಯನ ವೇಷ. ಹೆದರಿಕೆಯೇ ಎಂದು ಕೇಳಿದರೆ ತಲೆಯಿಂದ ಕಾಲಿನವರೆಗೆ ನಡುಗುತ್ತ, ಇಲ್ಲವೇ ಇಲ್ಲ ಅನ್ನುವುದು.

1960ರಲ್ಲಿ ಗ್ರಿಫಿತ್ ಸಣ್ಣ ಊರಿನ ಶೆರಿಫ್ ಆಗಿ ಟಿವಿಯಲ್ಲಿ ಕಾಣಿಸಿಕೊಂಡರು. ಅದನ್ನು ನೋಡಿದ ನಾಟ್ಸ್ ಫೋನ್ ಮಾಡಿ, ನಿನ್ನ ಶೆರಿಫ್‌ಗೆ ಒಬ್ಬ ಡೆಪ್ಯುಟಿ ಬೇಡವೇ ಎಂದು ಕೇಳಿದರು. ಕೆಲಸ ಹಾಗೆ ಸಿಕ್ಕಿತು. ಧಾರಾವಾಹಿಯ ಹೆಸರೇ ಗ್ರಿಫಿತ್ ಅವರದು. ನಗಿಸಬೇಕಾದವರೂ ಅವರೇ ಎಂಬ ಲೆಕ್ಕಾಚಾರ. ಆದರೆ ಎರಡನೆಯ ಕಂತಿನ ಹೊತ್ತಿಗೇ ಅವರಿಗೆ ಗೊತ್ತಾಗಿಹೋಯಿತು: ನಗಿಸುವವನು ಡಾನ್, ನಾನು ಸುಮ್ಮನೆ ಎದುರು ನಿಲ್ಲಬೇಕಾದವನು. ನಿಂತರು. ಬೊಂಬೆಯ ಎದುರು ನಾಟ್ಸ್ ಬೇಸತ್ತು ಮಾಡುತ್ತಿದ್ದ ಕೆಲಸವನ್ನು ಈಗ ನಾಯಕನಟ ತಾನಾಗಿ ವಹಿಸಿಕೊಂಡ.

1962ರಲ್ಲಿ ಬಂದ ಒಂದು ಕಂತಿನ ವಿಷಯ ಹೇಳಲೇಬೇಕು, ರೇಡಿಯೋದವರಿಗೆ ಅದು ಪ್ರಿಯವಾಗುವಂಥದ್ದು. ಊರಿನ ಗಾಯನ ತಂಡಕ್ಕೆ ಬಾರ್ನಿ ಸೇರಿದ್ದಾನೆ. ಶ್ರುತಿಗೂ ಅವನಿಗೂ ಎಣ್ಣೆ ಸೀಗೇಕಾಯಿ. ತಂಡದಿಂದ ಕಿತ್ತುಹಾಕಿದರೆ ಜೀವ ನೊಂದುಕೊಳ್ಳುತ್ತದೆ. ಶೆರಿಫ್ ಆಂಡಿ ಒಂದು ಉಪಾಯ ಮಾಡುತ್ತಾನೆ. ಇದು ಬಲು ಸೂಕ್ಷ್ಮವಾದ ಮೈಕು, ಮೆಲ್ಲಗೆ ಹಾಡು, ಇನ್ನೂ ಮೆಲ್ಲಗೆ ಅನ್ನುತ್ತ ಬಾರ್ನಿಯನ್ನು ಬರೀ ಉಸಿರಿಗೆ ಇಳಿಸುತ್ತಾನೆ. ಮರೆಯಲ್ಲಿ ಒಳ್ಳೆಯ ಗಾಯಕನೊಬ್ಬ ಇನ್ನೊಂದು ಮೈಕು ಹಿಡಿದು ನಿಂತಿದ್ದಾನೆ. ತುಂಬು ಕಂಠವೊಂದು ಸಭಾಂಗಣವನ್ನೆಲ್ಲ ತುಂಬುತ್ತದೆ. ಬಾರ್ನಿ ಬೆರಗಾಗುತ್ತಾನೆ, ಅದು ತನ್ನದೇ ದನಿ ಎಂದು ನಂಬುತ್ತಾನೆ. ಆ ಕ್ಷಣದ ನಾಟ್ಸ್ ಮುಖ ನೋಡಬೇಕು. ಮೊದಲು ಅನುಮಾನ, ಆಮೇಲೆ ಹಿಗ್ಗು, ಆಮೇಲೆ ಬೀಗು. ನೋಡುವವರಿಗೆ ನಗು ಬರುತ್ತದೆ, ಅಯ್ಯೋ ಪಾಪ ಅಂತಲೂ ಅನ್ನಿಸುತ್ತದೆ.

ಬಾರ್ನಿ ಪಾತ್ರಕ್ಕಾಗಿ ನಾಟ್ಸ್ ಅವರಿಗೆ ಐದು ಎಮ್ಮಿ ಪ್ರಶಸ್ತಿ ಬಂದವು. ಅದೇ ಧಾರಾವಾಹಿಗೆ ಹೆಸರು ಕೊಟ್ಟ ಗ್ರಿಫಿತ್ ಅವರಿಗೆ ಒಂದೂ ಬರಲಿಲ್ಲ. ಐದು ವರ್ಷಕ್ಕೆ ನಿಲ್ಲಿಸುತ್ತೇನೆ ಎಂದು ಗ್ರಿಫಿತ್ ಹೇಳುತ್ತಿದ್ದುದನ್ನು ನಂಬಿ, 1965ರಲ್ಲಿ ನಾಟ್ಸ್ ಸಿನಿಮಾ ಕಂಪನಿಯೊಂದರ ಜೊತೆ ಒಪ್ಪಂದ ಮಾಡಿಕೊಂಡರು. ಗ್ರಿಫಿತ್ ಮನಸ್ಸು ಬದಲಿಸಿದರು, ಧಾರಾವಾಹಿ 1968ರವರೆಗೆ ನಡೆಯಿತು. ಆದರೂ ಮುನಿಸು ಬೆಳೆಯಲಿಲ್ಲ. ನಾಟ್ಸ್ ಅತಿಥಿಯಾಗಿ ಬಂದು ಹೋಗುತ್ತಿದ್ದರು. ಐದರಲ್ಲಿ ಕೊನೆಯ ಎರಡು ಎಮ್ಮಿ ಬಂದದ್ದು ಹಾಗೆ ಬಂದುಹೋದ ಕಂತುಗಳಿಗೇ. ಮುಂದೆ ‘ಥ್ರೀಸ್ ಕಂಪನಿ’ ಧಾರಾವಾಹಿಯಲ್ಲಿ ಬಾಡಿಗೆಮನೆಗಳ ಉಸ್ತುವಾರಿ ನೋಡುವ ಫರ್ಲಿಯಾಗಿ ಮತ್ತೊಂದು ತಲೆಮಾರನ್ನೂ ನಗಿಸಿದರು.

2006ರ ಫೆಬ್ರವರಿ 24ರಂದು ಲಾಸ್ ಏಂಜಲೀಸ್‌ನಲ್ಲಿ ಅವರು ತೀರಿಕೊಂಡಾಗ 81 ವರ್ಷ. ಕೊನೆಗಾಲದಲ್ಲಿ ಆಸ್ಪತ್ರೆಯ ಹಾಸಿಗೆಯ ಬಳಿ ಬಂದವರಲ್ಲಿ ಗ್ರಿಫಿತ್ ಇದ್ದರು. ಜಗತ್ತಿಗೆಲ್ಲ ಡಾನ್ ಆದವರನ್ನು ಅವರು ಕರೆಯುತ್ತಿದ್ದದ್ದು, ಮೊದಲ ಹೆಸರು ಜೆಸ್ಸೀಯನ್ನು ಮೊಟಕು ಮಾಡಿ, ಜೆಸ್ ಎಂದು.

2016ರಲ್ಲಿ ಮಾರ್ಗನ್‌ಟೌನ್‌ನ ಜನ ತಮ್ಮ ಊರಿನ ರಂಗಮಂದಿರದ ಮುಂದೆ ನಾಟ್ಸ್ ಅವರ ಕಂಚಿನ ಪ್ರತಿಮೆ ಮಾಡಿಸಿದರು. ಕುಳಿತ ಭಂಗಿ. ಕೈಯಲ್ಲಿ ಡೆಪ್ಯುಟಿಯ ಟೋಪಿ.